ಬಿಸಿಲಿನಿಂದ ತಂಪು ಮಾಡುವವನ ಪಾಡು

ಬಿಸಿಲಿನಿಂದ ತಂಪು ಮಾಡುತ್ತೇನೆ ಎಂದು ಹೇಳಿಕೊಂಡು ತಿರುಗುವವನಿಗೆ ನಗುವಿಗೆ ಬರವಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲೂಕಿನ ಸೋಲಾರ್ ಕೋಲ್ಡ್ ಸ್ಟೋರೇಜ್ ಕೋಣೆಗಳನ್ನು, ಅಂದರೆ ಬಿಸಿಲಿನ ಕರೆಂಟಿನಿಂದ ತಣ್ಣಗಿರುವ ದೊಡ್ಡ ಪೆಟ್ಟಿಗೆಗಳನ್ನು, ನೋಡಿಕೊಳ್ಳುವುದು ನನ್ನ ಕೆಲಸ. ರೈತರು, ವ್ಯಾಪಾರಿಗಳು ತರಕಾರಿ, ಹೂವು ತಂದಿಡುತ್ತಾರೆ. ಜಗಳೂರಿನ ಕೋಣೆ ಮಾತ್ರ ಖಾಲಿ ಬಿದ್ದಿತ್ತು. ಈ ತಿಂಗಳೊಳಗೆ ತುಂಬದಿದ್ದರೆ ಲಾರಿ ಕಳಿಸಿ ಕೋಣೆಯನ್ನೇ ಬೇರೆ ಜಿಲ್ಲೆಗೆ ಸಾಗಿಸುತ್ತೇವೆ ಎಂದು ಕಚೇರಿಯವರು ಹೇಳಿದ್ದರು. ನಾನೇ ಹಟ ಹಿಡಿದು ಹಾಕಿಸಿದ ಕೋಣೆ ಅದು. ತುಂಬಿಸಿಯೇ ತೀರುತ್ತೇನೆ ಎಂದು ಹೇಳಿ ಬಂದಿದ್ದೆ.

ಸಂಡಿಗೆ

ಚನ್ನಗಿರಿ ಕಡೆಯ ಉಬ್ರಾಣಿಯಿಂದ ಫೋನ್ ಬಂತು. "ಮಿಷನ್ ಕೆಟ್ಟೈತೆ, ಒಳಗೆ ತಂಪೇ ಇಲ್ಲ."

ಬೈಕ್ ಹತ್ತಿ ಓಡಿದೆ. ನೋಡಿದರೆ ಪ್ಯಾನೆಲ್ ತುಂಬ ಅಕ್ಕಿ ಸಂಡಿಗೆ. ಪಕ್ಕದಲ್ಲಿ ಅಜ್ಜಿಯೊಬ್ಬಳು ಕೋಲು ಹಿಡಿದು ಕಾಗೆ ಓಡಿಸುತ್ತ ಕೂತಿದ್ದಳು.

"ಅಜ್ಜಿ, ಆ ಬಿಸಿಲು ಮಿಷನ್ನಿಗೆ ಬೇಕು."

"ಅದಕ್ಕೇ ಸಂದು ಬಿಟ್ಟು ಹಾಕೀನಲ್ಲಪ್ಪ, ಅಷ್ಟು ಸಾಲದಾ?"

"ಸಾಲಲ್ಲ ಅಜ್ಜಿ."

"ಹಂಗಾದ್ರೆ ಎರಡು ದಿನ ತಡ್ಕೊ ಅಂತ ಹೇಳು ಅದಕ್ಕೆ. ಆಮೇಲೆ ಬಿಸಿಲೆಲ್ಲ ಅದಕ್ಕೇ ಇರ್ಲಿ."

ಬಾಗಿಲು

ಹೊನ್ನಾಳಿಯಲ್ಲಿ ಒಬ್ಬ ಯಜಮಾನರು ಟೊಮ್ಯಾಟೊ ಇಟ್ಟು, ಗಂಟೆಗೊಮ್ಮೆ ಬಾಗಿಲು ತೆಗೆದು ನೋಡುತ್ತಿದ್ದರು. "ಹಿಂಗೆ ತೆಗೆದ್ರೆ ತಂಪೆಲ್ಲ ಹೊರಗೆ ಹೋಗತೈತೆ" ಎಂದೆ.

"ಹೋಯ್ತೋ ಏನೋ ಅಂತ ನೋಡಾಕೇ ತೆಗೀತೀನಿ ಕಣ್ರಿ" ಎಂದರು.

ಸೋಮವಾರದ ಹೂವು

ಜಗಳೂರಿನ ಹೂವಿನವರದ್ದೆಲ್ಲ ಒಂದೇ ಮಾತು. "ನಿನ್ನೆ ಹೂವು ದೇವರಿಗೆ ಬರಲ್ಲ. ಇಟ್ಟು ಏನು ಮಾಡೋಣ?" ಕೊನೆಗೆ ಬಸ್ ನಿಲ್ದಾಣದ ಹತ್ತಿರ ಹೂವು ಮಾರುವ ಅಕ್ಕ ನನ್ನ ಕಾಟ ತಾಳಲಾರದೆ, ಸೋಮವಾರ ಉಳಿದ ಸೇವಂತಿಗೆಯನ್ನು ಒಂದು ಕ್ರೇಟ್ ಕೊಟ್ಟರು.

ಗುರುವಾರ ಅದನ್ನು ತೆಗೆದು ಅವರ ಅಂಗಡಿಗೆ ತಂದೆ. ಅಕ್ಕ ನಿಯತ್ತಿನ ಹೆಣ್ಣುಮಗಳು. ಅಂದು ಬಂದ ಹೂವನ್ನು ಒಂದು ಬುಟ್ಟಿಯಲ್ಲಿ, ಸೋಮವಾರದ್ದನ್ನು ಇನ್ನೊಂದರಲ್ಲಿ ಇಟ್ಟರು. ಅಂದಿನದು ಬಿಸಿಲಲ್ಲಿ ಟೆಂಪೋದಲ್ಲಿ ಬಂದು ಬಾಡಿತ್ತು. ಸೋಮವಾರದ್ದು ಈಗ ಕಿತ್ತ ಹಾಗಿತ್ತು.

ಅಷ್ಟರಲ್ಲಿ ದೇವಸ್ಥಾನದ ಪೂಜಾರಪ್ಪ ಬಂದರು. ಅವರು ಒಪ್ಪಿದರೆ ಪೇಟೆಯೇ ಒಪ್ಪಿದ ಹಾಗೆ, ಒಪ್ಪದಿದ್ದರೆ ನನ್ನ ಕೋಣೆ ಲಾರಿ ಹತ್ತಿದ ಹಾಗೆ.

ಅವರು ಅಂದಿನ ಬುಟ್ಟಿಗೆ ಕೈ ಹಾಕಿ ಮುಖ ಸಿಂಡರಿಸಿದರು. "ಏನಮ್ಮ, ನಿನ್ನೇದನ್ನ ದೇವರಿಗೆ ಕೊಡ್ತೀಯಾ?" ಎಂದು ಬೈದು, ಸೋಮವಾರದ ಬುಟ್ಟಿ ತೋರಿಸಿ, "ಇವತ್ತಿಂದು ಕಟ್ಟು" ಎಂದರು.

ಸುಮ್ಮನಿರಿ ಎಂದು ನಾನು ಅಕ್ಕನಿಗೆ ಕಣ್ಸನ್ನೆ ಮಾಡಿದೆ. ಅಕ್ಕ ಕೇಳಲಿಲ್ಲ. "ಸ್ವಾಮಿ, ಅದೇ ಸೋಮವಾರದ್ದು. ತಣ್ಣನೆ ಕೋಣೇಲಿ ಇಟ್ಟಿದ್ದು. ದೇವರ ಹೂವಿನಾಗೆ ನಾನು ಸುಳ್ಳು ಹೇಳಲ್ಲ."

ಪೂಜಾರಪ್ಪ ಆ ಬುಟ್ಟಿ ನೋಡಿದರು, ಈ ಬುಟ್ಟಿ ನೋಡಿದರು. ಮೂಸಿ ನೋಡೋಣವೆಂದರೆ ದೇವರ ಹೂವು ಮೂಸುವ ಹಾಗಿಲ್ಲ. ಕೊನೆಗೆ ಅಕ್ಕನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು. "ದೇವರು ವಾರ ಕೇಳಲ್ಲಮ್ಮ, ಕೇಳೋರು ಭಕ್ತರು. ಅವರಿಗೆ ನೀನೂ ಹೇಳಬ್ಯಾಡ, ನಾನೂ ಹೇಳಲ್ಲ. ಸೋಮವಾರದ್ದನ್ನೇ ಕಟ್ಟು." ನನ್ನತ್ತ ತಿರುಗಿ, "ಗುಡಿಗೂ ಎರಡು ಕ್ರೇಟಿಗೆ ಜಾಗ ಇಡಪ್ಪ" ಎಂದರು.

ಅವರು ಮೆಲ್ಲಗೆ ಹೇಳಿದ್ದು ಅಕ್ಕಪಕ್ಕದ ಹೂವಿನವರಿಗೆಲ್ಲ ಚೆನ್ನಾಗಿ ಕೇಳಿಸಿತ್ತು. ಸಂಜೆಯೊಳಗೆ ಕೋಣೆ ಭರ್ತಿ. ಲಾರಿ ಬೇಡ ಎಂದು ನಾನು ಖುಷಿಯಿಂದ ಕಚೇರಿಗೆ ಫೋನ್ ಮಾಡುತ್ತಿದ್ದಾಗ ಅಕ್ಕ ಕ್ರೇಟ್ ಹೊತ್ತು ಬಂದರು. ಒಳಗೆ ಒಂದು ಮೊಳ ಹೂವಿಗೂ ಜಾಗವಿರಲಿಲ್ಲ.

ಅಕ್ಕ ಕ್ರೇಟ್ ಕೆಳಗಿಟ್ಟು ಹೇಳಿದರು, "ಇನ್ನೊಂದು ಕೋಣೆ ತರಿಸ್ರಿ. ಇಲ್ಲಾಂದ್ರೆ ನಾಳೆಯಿಂದ ಈ ಹೂವಿನವರಿಗೆಲ್ಲ ನಾನೂ ಸುಳ್ಳು ಹೇಳಾಕೆ ಶುರು ಮಾಡ್ತೀನಿ. ಒಳಗೆ ತಂಪೇ ಇಲ್ಲ ಅಂತ."