ಮೊಸಳೆ ಇಲ್ಲದ ಯೊರ್ದನ್

ಮುತ್ತಪ್ಪನ ದೀಕ್ಷಾಸ್ನಾನಕ್ಕೆ ಅಡ್ಡ ಬಂದದ್ದು ಸೈತಾನನಲ್ಲ, ಒಂದು ಮೊಸಳೆ. ರಬಕವಿ ಬದಿಯ ಹೊಳೆದಂಡೆಯಲ್ಲಿ, ಪಾಸ್ಟರು ಗೊತ್ತುಮಾಡಿದ್ದ ಜಾಗದಲ್ಲೇ, ಅದು ಬಾಯಿ ತೆರೆದು ಬಿಸಿಲು ಕಾಯಿಸುತ್ತ ಮಲಗಿದ್ದನ್ನು ಬಟ್ಟೆ ಒಗೆಯಲು ಹೋದವರು ನೋಡಿ ಬಂದಿದ್ದರು.

ಮುತ್ತಪ್ಪ ಬನಹಟ್ಟಿಯ ಪವರ್‌ಲೂಮುಗಳಲ್ಲಿ ಕೆಟ್ಟ ಮಗ್ಗ ರಿಪೇರಿ ಮಾಡುವವ. ಅಜ್ಜನ ಕಾಲದಿಂದ ಕ್ರೈಸ್ತ ಮನೆತನ. ಆದರೆ ಅವರ ಚರ್ಚಿನ ಸಭೆಯಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಬುದ್ಧಿ ಬಂದ ಮೇಲೆ ತಾನಾಗಿ ನಂಬಿ, ತಾನಾಗಿ ಕೇಳಿ, ನೀರಿನಲ್ಲಿ ಪೂರಾ ಮುಳುಗಿ ಏಳಬೇಕು. ಬುದ್ಧಿ ಬರಲಿ ಎಂದು ಮುತ್ತಪ್ಪ ಐವತ್ತರ ಹತ್ತಿರದವರೆಗೂ ಕಾದ. ಕಡೆಗೆ ಪಾಸ್ಟರ್ ದೇವದಾನರು ಜಮಖಂಡಿಯಿಂದ ಬಂದು ಬಂದು, ಮಗ್ಗದ ಸಪ್ಪಳದ ನಡುವೆ ಕೂಗಿ ಕೂಗಿ ಪಾಠ ಹೇಳಿ ಅವನನ್ನು ತಯಾರು ಮಾಡಿದ್ದರು. ಈಗ ಅವರಿಗೆ ದೂರದ ಊರಿಗೆ ವರ್ಗವಾಗಿತ್ತು. ಇವತ್ತು ಸಂಜೆಯೇ ಸಾಮಾನಿನ ಗಾಡಿ ಬರುವುದಿತ್ತು. ಇಷ್ಟು ಗಂಟಲು ಹರಿದುಕೊಂಡು ಕಲಿಸಿದವರ ಕೈಯಿಂದಲೇ ಮುಳುಗಿ ಏಳಬೇಕು ಎಂಬುದು ಮುತ್ತಪ್ಪನ ಒಂದೇ ಆಸೆ. ಇವತ್ತು ತಪ್ಪಿದರೆ ತಪ್ಪಿದಂತೆಯೇ.

ಚಹಾದಂಗಡಿಯಲ್ಲಿ ಈ ಸಂಕಟ ಕೇಳಿಸಿಕೊಂಡ ಚಿಮ್ಮಡದ ರೈತ ಬಸಗೊಂಡಪ್ಪ, “ನಮ್ಮ ಹೊಲದಾಗ ಹೊಂಡ ಐತಿ. ಎದಿಮಟ ನೀರೈತಿ, ಮೊಸಳಿ ಇಲ್ಲ. ಬಾ,” ಎಂದುಬಿಟ್ಟ. ದೊಡ್ಡ ಮನಸ್ಸಿನ ಮನುಷ್ಯ. ಆದರೆ ಮಾತು ಕೊಡುವ ಮುಂಚೆ ಹೆಂಡತಿಯನ್ನು ಕೇಳಿರಲಿಲ್ಲ.

ಪಾಸ್ಟರು ಫೋನಿನಲ್ಲಿ ಒಂದು ಮಾತು ಹೇಳಿದ್ದರು: “ಹೊಂಡದ ಮಾಲಕರಿಗೆ ನಾವು ಏನ ಮಾಡ್ತೇವಿ ಅನ್ನೂದನ್ನ ಬೈಬಲಿನ ವಚನ ಸಹಿತ ತಿಳಿಸಿ ಹೇಳು. ಅವರಿಗೆ ತಿಳೀಲಾರದ ನೀರಿಗೆ ಇಳಿಯೂದು ಬ್ಯಾಡ.” ಅದಕ್ಕೇ ಮುತ್ತಪ್ಪ ಬೆಳಿಗ್ಗೆಯೇ ಹೆಂಡತಿ ಸತ್ಯವ್ವನೊಂದಿಗೆ ಹೊಲಕ್ಕೆ ಬಂದ. ಹೊಂಡದ ದಂಡೆಯಲ್ಲಿ ಬಸಗೊಂಡಪ್ಪನ ಪಕ್ಕ ಅವನ ಹೆಂಡತಿ ಹಾಲವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ನಮ್ಮ ಎಮ್ಮಿ ಕುಡಿಯೂ ನೀರದು. ಜಳಕಾ ಅಂದಿ. ಸೋಪು ಹಚ್ಕೋತೀ ಹೌದಿಲ್ಲೋ?”

“ಸೋಪಿಲ್ಲರೀ ಅಕ್ಕಾರ. ಪೇತ್ರ ಅನ್ನೂ ಶಿಷ್ಯ ಬರದಾನ, ಇದು ಮೈಮ್ಯಾಲಿನ ಹೊಲಸು ತೊಳಿಯೂ ಸ್ನಾನ ಅಲ್ಲ, ಛಲೋ ಮನಸ್ಸಿನಿಂದ ದೇವರಿಗೆ ಕೊಡೂ ಮಾತು ಅಂತ.”

ಸೋಪಿಲ್ಲ ಎಂದದ್ದೇ ಹಾಲವ್ವನ ಕೈ ಸೊಂಟದಿಂದ ಇಳಿಯಿತು. ಆದರೆ ಅಷ್ಟರಲ್ಲಿ ಕೆಳಗಿನ ಹೊಲದ ಶಿದ್ರಾಮಪ್ಪ ಬಂದ. ಹೊಂಡದ ತೂಬಿನ ನೀರು ಅವನ ಕಬ್ಬಿಗೂ ಹರಿಯುತ್ತಿತ್ತು. ದಿನವೂ ವಿಭೂತಿ ಧರಿಸಿ, ಪೂಜೆ ಮುಗಿಸಿ, ಆಮೇಲೆ ಊರಿನ ಸಕಲ ವಿಚಾರದಲ್ಲಿ ಮೂಗು ತೂರಿಸುವ ಹಿರಿಯ.

“ಹೊಲಸು ತೊಳೀದಿದ್ರ ಮತ್ತೇನು ತೊಳೀತೈತಿ?”

“ಪಾಪ ತೊಳದದ್ದಕ್ಕ ಗುರುತ್ರೀ ಕಾಕಾರ.”

ಶಿದ್ರಾಮಪ್ಪ ಹೊಂಡವನ್ನು ನೋಡಿದ, ತೂಬನ್ನು ನೋಡಿದ, ತನ್ನ ಕಬ್ಬನ್ನು ನೋಡಿದ.

“ತೊಳದ ಪಾಪ ನೀರಾಗ ಉಳೀತಾವ. ಆ ನೀರು ನನ್ನ ಕಬ್ಬಿಗೆ ಬರ್ತೈತಿ. ಕಬ್ಬು ಫ್ಯಾಕ್ಟರಿಗೆ ಹೋಗ್ತೈತಿ. ಸಕ್ಕರಿ ಆಗಿ ಮಂದಿ ಚಹಾದಾಗ ಬೀಳ್ತೈತಿ. ನಿನ್ನ ಪಾಪ ಊರೆಲ್ಲ ಕುಡೀಬೇಕೇನೋ ಮುತ್ತಪ್ಪಾ?”

“ಎಷ್ಟ ಪಾಪ ಮಾಡೀಯೋ ತಮ್ಮಾ?” ಹಾಲವ್ವ ಗಾಬರಿಯಿಂದ ಕೇಳಿದಳು.

“ನೆನಪಿದ್ದಷ್ಟು ಹೇಳ್ಲೇನ್ರಿ?”

“ಬ್ಯಾಡ್ರಿ, ಹೇಳಾಕ ಕುಂತ್ರ ಸಂಜಿ ಆಕ್ಕೈತಿ,” ಎಂದಳು ಸತ್ಯವ್ವ. ಹೆಂಡತಿಯ ಕೈಯಲ್ಲಿ ಲೆಕ್ಕ ಪಕ್ಕಾ ಇತ್ತು.

ಬೇರೆಯವನಾಗಿದ್ದರೆ ಸಿಟ್ಟಾಗಿ ಎದ್ದು ಹೋಗುತ್ತಿದ್ದ. ಮುತ್ತಪ್ಪ ಹಾಗಲ್ಲ. ಹರಿದ ನೂಲಿನ ಎಳೆ ಹುಡುಕಿ ಗಂಟು ಹಾಕುವವನ ತಾಳ್ಮೆ ಅವನದು. “ಪಾಪಾನ ನೀರಾಗ ಬಿಡೂದಲ್ರಿ ಕಾಕಾರ. ಅದನ್ನ ಯೇಸುಸ್ವಾಮಿ ಆಗಲೇ ಶಿಲುಬಿ ಮ್ಯಾಲೆ ಹೊತ್ತಾನ. ನೀರು ಗುರುತು ಅಷ್ಟ. ಪೌಲ ಅನ್ನೂ ಭಕ್ತ ರೋಮಾಪುರದವರಿಗೆ ಪತ್ರ ಬರದಾನ, ನೀರಾಗ ಮುಳುಗೂದಂದ್ರ ಹಳೀ ಮನಷ್ಯಾನ್ನ ಸ್ವಾಮಿ ಜೋಡಿ ಹೂಳಿದಂಗ…”

“ಹೂಳೂದು?” ಹಾಲವ್ವನ ಕೈ ಮತ್ತೆ ಸೊಂಟಕ್ಕೆ ಹೋಯಿತು. “ಎಮ್ಮಿ ಕುಡಿಯೂ ನೀರಾಗ?”

“ಹೂಳಿ ಬಿಡಂಗಿಲ್ರಿ, ಎಬ್ಬಸ್ತಾರ. ಸ್ವಾಮಿ ಸತ್ತು ಎದ್ದಾನಲ್ಲ, ಹಂಗ ಹೊಸಾ ಜೀವಕ್ಕ ಏಳೂದು. ಒಂದ ಉಸರಿನ ಕೆಲಸ. ತಡೀರಿ, ಮಾಡಿ ತೋರಸ್ತೇನಿ.”

ಬೇವಿನ ಗಿಡದ ಕೆಳಗೆ ಹಗ್ಗ ಹೆಣೆದ ಒಂದು ಹಳೆಯ ಹೊರಸು ಮಂಚವಿತ್ತು. ಮುತ್ತಪ್ಪ ಅದರ ಅಂಚಿಗೆ ಕೂತು, ಬೆನ್ನಿಗೆ ಕೈಕೊಡಲು ಶಿದ್ರಾಮಪ್ಪನಿಗೆ ಹೇಳಿ, ಮೂಗು ಹಿಡಿದು, ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದ. ಹೊರಸಿನ ಹಗ್ಗ ಒಂದೊಂದಾಗಿ ಪಟಪಟನೆ ಹರಿದವು. ಮುತ್ತಪ್ಪ ಚೌಕಟ್ಟಿನೊಳಗಿಂದ ನೆಲಕ್ಕಿಳಿದ. ಮೇಲೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ.

“ಹೂಳೂದು ತಿಳೀತು,” ಎಂದ ಶಿದ್ರಾಮಪ್ಪ. “ಇನ್ನ ಏಳೂದು ತೋರಸು.”

ನಾಲ್ಕೂ ಮಂದಿ ಸೇರಿ ಅವನನ್ನು ಎಬ್ಬಿಸಬೇಕಾಯಿತು. ಸೊಂಟ ಹಿಡಿದುಕೊಂಡೇ ಅವನು, “ತಾನ ಏಳಾಕ ಬರೂದಿಲ್ಲ, ಇನ್ನೊಬ್ಬ ಎಬ್ಬಸಬೇಕು. ವಚನಾನೂ ಹಂಗ ಐತ್ರಿ,” ಎಂದ. ನೋವಿನಲ್ಲೂ ಪಾಠ ಬಿಡದ ಅವನನ್ನು ನೋಡಿ ಬಸಗೊಂಡಪ್ಪನಿಗೆ ಅಭಿಮಾನ ಉಕ್ಕಿತು.

“ಇದೆಲ್ಲಾ ಖರೆ. ಆದ್ರ ನೀರ ಯಾಕ ಬೇಕು? ಅದನ್ನ ಹೇಳು,” ಎಂದ ಅವನು.

ಮುತ್ತಪ್ಪ ಬೈಬಲಿನ ಮೊದಲ ಭಾಗವಾದ ಆದಿಕಾಂಡಕ್ಕೆ ಹೋದ. ಭೂಮಿಗೆ ಇನ್ನೂ ಆಕಾರವೇ ಇಲ್ಲದಾಗಲೂ ಕತ್ತಲಲ್ಲಿ ಆಳವಾದ ನೀರಿತ್ತು. ಆ ನೀರಿನ ಮೇಲೆ ದೇವರ ಆತ್ಮ ಚಲಿಸುತ್ತಿತ್ತು. ದೇವರು ಬೆಳಕಾಗಲಿ ಅಂದ, ಬೆಳಕಾಯಿತು. ನೀರನ್ನು ಒಂದು ಕಡೆ ಕೂಡಿಸಿದ, ಒಣನೆಲ ಕಂಡಿತು. ಹುಲ್ಲು, ಬೀಜ ಬಿಡುವ ಬೆಳೆ ಎದ್ದವು. ಮಾರನೆಯ ದಿನ ಸೂರ್ಯ ಚಂದ್ರ, ಆಮೇಲೆ ಮೀನು, ಹಕ್ಕಿ, ದನಕರು. ಕಡೆಗೆ ಮಣ್ಣಿನಿಂದ ಮನುಷ್ಯನನ್ನು ಮಾಡಿ ಮೂಗಿನಲ್ಲಿ ಉಸಿರು ಊದಿದ. ಮುತ್ತಪ್ಪ ಹೇಳುವ ರೀತಿಯೇ ಹಾಗೆ. ಹೊಂಡದ ನೀರು ಅವತ್ತಷ್ಟೇ ಹುಟ್ಟಿದಂತೆ ಎಲ್ಲರೂ ಅದನ್ನೇ ನೋಡುತ್ತ ಕೂತರು.

“ಸೂರ್ಯಾಗಿಂತ ಮೊದಲ ಬೆಳಿ?” ಶಿದ್ರಾಮಪ್ಪ ತಡೆದ. “ಬಿಸಲಿಲ್ಲದ ಹ್ಯಾಂಗ ಬಂತು?”

ಉತ್ತರ ಕೊಟ್ಟವನು ಬಸಗೊಂಡಪ್ಪ. “ಬೆಳಿ ಎದ್ದ ಮಾರನೇ ದಿನಾನ ಸೂರ್ಯಾ ಬಂದಾನಲ್ಲ. ಒಂದ ದಿನಾ ಬಿಸಲಿಲ್ಲಂದ್ರ ನಿನ್ನ ಕಬ್ಬು ಸಾಯ್ತೈತೇನು? ಮೊದಲ ನೀರು, ಆಮ್ಯಾಲೆ ನೆಲ, ಆಮ್ಯಾಲೆ ಬೆಳಿ, ಆಮ್ಯಾಲೆ ದನಾ. ಮನಷ್ಯಾ ಎಲ್ಲಾರಕಿಂತ ಕಡೀಕ. ಒಕ್ಕಲುತನ ಬಲ್ಲವ ಮಾಡಿದ ಕೆಲಸ ನೋಡು ಇದು.” ಮುತ್ತಪ್ಪನ ಕಡೆ ತಿರುಗಿ ಕೇಳಿದ, “ನಿಮ್ಮ ಸ್ವಾಮೀನೂ ಈ ಸ್ನಾನಾ ಮಾಡಿದ್ನೇನು?”

“ಹೂಂರಿ. ಯೊರ್ದನ್ ಅನ್ನೂ ಹೊಳ್ಯಾಗ.”

“ಅಲ್ಲಿ ಮೊಸಳಿ ಇರಲಿಲ್ಲೇನು?”

“ವಚನದಾಗ ಬರದಿಲ್ರಿ.”

ಬಸಗೊಂಡಪ್ಪ ತೊಡೆ ತಟ್ಟಿಕೊಂಡು ಎದ್ದ. “ಆತು. ಹೊಂಡ ನಿಂದು. ನಿಮ್ಮ ಪಾಸ್ಟರನ್ನ ಕರಕೊಂಡು ಬಾ.” ಹಾಲವ್ವ ಬೇಡವೆನ್ನಲಿಲ್ಲ. ಶಿದ್ರಾಮಪ್ಪ ಮಾತ್ರ ತೂಬನ್ನೇ ನೋಡುತ್ತ ನಿಂತಿದ್ದ.

ಮಧ್ಯಾಹ್ನ ಕಳೆದು ಮುತ್ತಪ್ಪ ಬಿಳಿಯ ಅಂಗಿ ತೊಟ್ಟು, ಬಿಳಿಯ ಪಂಚೆ ಉಟ್ಟು, ಬಸ್ಸಿನಿಂದಿಳಿದ ಪಾಸ್ಟರನ್ನು ಆಟೋದಲ್ಲಿ ಹತ್ತಿಸಿಕೊಂಡು ಬಂದ. ಬೇವಿನ ಗಿಡದ ಕೆಳಗೆ ಅರ್ಧ ಚಿಮ್ಮಡವೇ ನೆರೆದಿತ್ತು. ಬಸಗೊಂಡಪ್ಪ ಹೊಸ ರುಮಾಲು ಸುತ್ತಿಕೊಂಡಿದ್ದ, ಆದರೆ ಮುಖ ಸಣ್ಣದಾಗಿತ್ತು.

ಹೊಂಡದಲ್ಲಿ ನೀರಿರಲಿಲ್ಲ. ತಳದಲ್ಲಿ ಕರಿಯ ಕೆಸರು ಹೊಳೆಯುತ್ತಿತ್ತು.

“ಏನಂದ್ರ ಮುತ್ತಪ್ಪಾ,” ಬಸಗೊಂಡಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದ. “ನಿಮ್ಮ ಸ್ವಾಮಿ ಹೊಳಿ ನೀರಾಗ ಮುಳುಗ್ಯಾನ. ನೀ ನಮ್ಮ ಎಮ್ಮಿ ಬಿದ್ದೆದ್ದ ನೀರಾಗ ಮುಳುಗೂದ ನನಗ ಸರಿ ಕಾಣಲಿಲ್ಲ. ಹೊಸಾ ಜೀವಕ್ಕ ಹಳೀ ನೀರು ಯಾಕ ಅಂತ ತೂಬು ತಗದು ಎಲ್ಲಾ ಬಿಟ್ಟೆ. ಹೊಳಿ ಪೈಪ್‌ಲೈನ್ ಐತಿ, ಮೋಟಾರು ಹಚ್ಚಿದ್ರ ತಾಸೊತ್ತಿನ್ಯಾಗ ತುಂಬತಿತ್ತು. ಹೊಳಿ ನೀರು ಬರೂದು, ಮೊಸಳಿ ಬರೂದಿಲ್ಲ.”

“ಮತ್ತ?”

“ಕರೆಂಟ್ ಹೋತು. ಬೆಳಕಾಗಲಿ ಅಂತ ನಾನೂ ಭಾಳ ಸಲ ಅಂದ್ನಿ.”

ಹಳೆಯ ನೀರೆಲ್ಲ ಶಿದ್ರಾಮಪ್ಪನ ಕಬ್ಬಿಗೆ ಹರಿದಿತ್ತು. ಪಾಪ ಬೀಳುವ ಮುಂಚೆಯೇ ಬಂದ ನೀರು ಎಂದು ಅವನಿಗೆ ಪರಮ ಸಂತೋಷವಾಗಿತ್ತು.

ಇಷ್ಟು ಭಕ್ತಿಯಿಂದ ಕೆಡಿಸಿದ ಕೆಲಸಕ್ಕೆ ಯಾರನ್ನು ಬೈಯುವುದು? ಆಚೆ ಮೂಲೆಯಲ್ಲಿ ಒಂದಿಷ್ಟು ನೀರು ಮಿನುಗಿದಂತೆ ಕಂಡಿತು. ಮಲಗಿದರೆ ಮುಳುಗಬಹುದೇನೋ ಎಂಬ ಆಸೆಯಿಂದ ಮುತ್ತಪ್ಪ ಹೊಂಡಕ್ಕಿಳಿದ. ಎರಡನೆಯ ಹೆಜ್ಜೆಗೆ ಕಾಲು ಜಾರಿತು. ಬೆಳಗಿನಿಂದ ನೊಂದಿದ್ದ ಸೊಂಟ ತಡೆಯಲಿಲ್ಲ. ಅವನು ಹಿಂದಕ್ಕೆ ಬಿದ್ದು ಕೆಸರಿನಲ್ಲಿ ಪೂರಾ ಮುಚ್ಚಿಹೋದ. ಎದ್ದು ನಿಂತಾಗ ಅಂಗಿ ಯಾವುದು, ಮೈ ಯಾವುದು ತಿಳಿಯದಂತೆ ಕರ್ರಗಿದ್ದ. ಮೂಗಿನಿಂದ ಮಾತ್ರ ಜೋರಾಗಿ ಉಸಿರು ಬಿಡುತ್ತಿದ್ದ.

ಬಸಗೊಂಡಪ್ಪ ಕೈಮುಗಿದ. “ದೇವರು ಮಣ್ಣಿನಿಂದ ಮನಷ್ಯಾನ್ನ ಹ್ಯಾಂಗ ಮಾಡಿದ ಅನ್ನೂದೊಂದ ನನಗ ತಿಳಿದಿರಲಿಲ್ಲ ನೋಡು. ಈಗ ತಿಳೀತು.”

ಪಾಸ್ಟರು ನಕ್ಕರು, ನಗುನಗುತ್ತಲೇ ಕಣ್ಣೊರೆಸಿಕೊಂಡರು. ಮರಳುವ ಬಸ್ಸಿನ ಹೊತ್ತಾಗಿತ್ತು. “ನಾ ಒಂದ ವರ್ಷ ಕೂಗಿ ಹೇಳಿದ್ದನ್ನ ನೀ ಒಂದ ಮುಂಜಾನ್ಯಾಗ ಊರಿಗೇ ಕಲಿಸೀಯಲ್ಲೋ,” ಎಂದು ಆ ಕೆಸರಿನ ತಲೆಯ ಮೇಲೆಯೇ ಕೈಯಿಟ್ಟು ಪ್ರಾರ್ಥನೆ ಮಾಡಿ, ಮುಂದಿನ ಪಾಸ್ಟರಿಗೆ ಹೇಳಿಡುತ್ತೇನೆಂದು ಹೊರಟರು. ಆಟೋ ಮರೆಯಾಗುವವರೆಗೂ ಮುತ್ತಪ್ಪ ನೋಡುತ್ತಲೇ ನಿಂತ. ಅವನ ಕಣ್ಣೀರು ಕೆಸರಿನಲ್ಲಿ ಎರಡು ದಾರಿ ಮಾಡಿಕೊಂಡು ಇಳಿಯುತ್ತಿತ್ತು.

ಹಾಲವ್ವ ಗಂಡನನ್ನು ಬೈಯುತ್ತ ಹೊಲದ ಮನೆಯಲ್ಲಿದ್ದ ಕೊಡದ ನೀರೆಲ್ಲ ತಂದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟಳು. ಇದು ಮೈಮೇಲಿನ ಹೊಲಸು ತೊಳೆಯುವ ಸ್ನಾನವಲ್ಲ ಎಂದು ಬೆಳಗಿನಿಂದ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದ ಮುತ್ತಪ್ಪ ಆ ಕಲ್ಲಿನ ಮೇಲೆ ಕೂತ. ಹಾಲವ್ವ ಒಳಗೆ ಹೋಗಿ ತಾನೇ ಸೋಪು ತಂದು ಅವನ ಕೈಗೆ ಕೊಟ್ಟಳು.