ಮಾತಾಡುವವರು ಗುಂಡಿ ಮುಟ್ಟಬಾರದು

ಬಾಯಲ್ಲಿ ರೊಟ್ಟಿ ಇರುವಾಗ ಗಂಡಸು ಹೆಂಡತಿಗೆ ಮಾತು ಕೊಡಬಾರದು. ಮಲಕಪ್ಪ ಕೊಟ್ಟುಬಿಟ್ಟ.

ಪೀಣ್ಯದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು, ಶೇಂಗಾ ಚಟ್ನಿಗೆ ರೊಟ್ಟಿ ಮುರಿಯುತ್ತ ಕೂತಿದ್ದ. ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟಿದ್ದ ನೀಲಾಂಬಿಕಾ ಚಪ್ಪಲಿ ಮೆಟ್ಟುತ್ತ ನಿಂತಳು.

"ನಮ್ಮ ಹೊಲಿಗಿ ಲೈನಿನ ಚನ್ನಬಸಮ್ಮ ಏನಂತಾಳ ಗೊತ್ತದ ಏನ್ರಿ? ನಿನ್ನ ಗಂಡ ರೇಡಿಯೋದಾಗ ಇರೋದು ಖರೇ ಇದ್ರ ಒಂದಿನಾರ ಅವನ ದನಿ ಕೇಳಬೇಕಿತ್ತಲ್ಲ, ಅಲ್ಲಿ ಕಸಾ ಹೊಡೀತಿರಬೇಕು ಅಂತಾಳ."

ನಗುತ್ತಲೇ ಹೇಳಿದಳು. ಆದರೆ ಕಣ್ಣು ನಗುತ್ತಿರಲಿಲ್ಲ. ಅದು ಮಲಕಪ್ಪನಿಗೆ ಚುರುಕ್ಕೆಂದಿತು.

"ಇವತ್ತ ನಾಲ್ಕಕ್ಕ ಟೀ ಬಿಟ್ಟಾಗ ರೇಡಿಯೋ ಹಚ್ಚಸು. ನಿನ್ನ ಹೆಸರು ಬರ್ತದ. ಹೇಳಾವ ನಾನಾ."

ಅವಳ ಮುಖ ಅರಳಿದ ಪರಿ ನೋಡಿ ಅವನು ಮುರಿದ ರೊಟ್ಟಿಯನ್ನು ತಟ್ಟೆಗೇ ವಾಪಸ್ ಇಟ್ಟ. ಯಾಕೆಂದರೆ ಆ ಬಾನುಲಿಯಲ್ಲಿ ಅವನು ಬಾಯಿ ತೆರೆಯುವ ಹಾಗಿರಲಿಲ್ಲ.

ಬಾಗಲಗುಂಟೆ ಬಾನುಲಿ ಎಂಬ ಆ ಪುಟ್ಟ ಸಮುದಾಯ ರೇಡಿಯೋ ಹುಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ. ಮಲಕಪ್ಪನ ವಠಾರದ ಒಡತಿ ಅಶ್ವತ್ಥಮ್ಮನವರ ಮಹಡಿಯ ಕೋಣೆಯೇ ಅದರ ಅರಮನೆ. ಕೂಸಿಗೆ ಹಲ್ಲು ಮೂಡುವ ಮೊದಲೇ ಎರಡು ಸಂಘಗಳು ಹುಟ್ಟಿಕೊಂಡಿದ್ದವು. ಉದ್ಘೋಷಕರ ಸಂಘಕ್ಕೆ ಅಶ್ವತ್ಥಮ್ಮ ಅಧ್ಯಕ್ಷೆ, ಮಗಳು ದಿವ್ಯಾ ಕಾರ್ಯದರ್ಶಿ. ತಂತ್ರಜ್ಞರ ಸಂಘಕ್ಕೆ, ಕಾರ್ಖಾನೆಯಲ್ಲಿ ಕಾರ್ಮಿಕ ಸಂಘ ಕಟ್ಟಿ ಕಟ್ಟಿ ನಿವೃತ್ತರಾದ ಶ್ಯಾಮಣ್ಣ ಅಧ್ಯಕ್ಷರು. ಸದಸ್ಯ ಮಲಕಪ್ಪ ಒಬ್ಬನೇ. ಗುಂಡಿ ಒತ್ತುವುದೆಲ್ಲ ಅವನೇ. ಶ್ಯಾಮಣ್ಣ ಒಂದು ದಿನವೂ ಗುಂಡಿ ಮುಟ್ಟಿದವರಲ್ಲ. ಅಧ್ಯಕ್ಷರೇ ಕೆಲಸ ಮಾಡಿದರೆ ಸದಸ್ಯರಿಗೆ ಅವಮಾನ ಎನ್ನುತ್ತಿದ್ದರು.

ಶುರುವಿನಲ್ಲಿ ಅಶ್ವತ್ಥಮ್ಮನೇ ಗುಂಡಿ ಒತ್ತಿಕೊಂಡು ಮಾತಾಡುತ್ತಿದ್ದರು. ಒಮ್ಮೆ ಮೈಕು ಆರಿಸುವುದನ್ನು ಮರೆತು, ನಲ್ಲಿ ನೀರಿಗಾಗಿ ವಠಾರದ ಸೊಣ್ಣಮ್ಮನ ಜೊತೆ ಆಡಿದ ಜಗಳ ಪೂರ್ತಿಯಾಗಿ ದಾಸರಹಳ್ಳಿಯವರೆಗೂ ಹೋಯಿತು. ಆಗ ದೂರು ಕೊಟ್ಟವನು ಇದೇ ಮಲಕಪ್ಪ. ಶ್ಯಾಮಣ್ಣ ಹಳೆಯ ಹುರುಪಿನಲ್ಲಿ ಎರಡೂ ಸಂಘಗಳ ನಡುವೆ ಒಪ್ಪಂದ ಮಾಡಿಸಿದರು: ಮಾತಾಡುವವರು ಗುಂಡಿ ಮುಟ್ಟಬಾರದು, ಗುಂಡಿ ಒತ್ತುವವರು ಮಾತಾಡಬಾರದು. ಮಲಕಪ್ಪ ತಾನೇ ಬಿತ್ತಿದ ಮುಳ್ಳು ಈಗ ಅವನ ಕಾಲಿಗೇ ಚುಚ್ಚಿತ್ತು.

ನಿದ್ದೆ ಬಿಟ್ಟು ಮಹಡಿ ಹತ್ತಿದ ಮಲಕಪ್ಪ, ಒಂದೇ ಒಂದು ಮಾತು ಆಡುತ್ತೇನೆಂದು ಅಶ್ವತ್ಥಮ್ಮನವರನ್ನು ಅಂಗಲಾಚಿದ.

"ಅದೆಂಗಾಯ್ತದಪ್ಪಾ? ನೀನು ಮಾತಾಡಿದ್ರೆ ನಾಳೆ ನಾನೂ ಗುಂಡಿ ಒತ್ತುತೀನಿ. ಒಪ್ತೀಯಾ?"

ನಲ್ಲಿ ಜಗಳ ನೆನಪಾಗಿ ಅವನು ಎರಡೂ ಕೈ ಜೋಡಿಸಿದ. ಅದನ್ನು ನೋಡಿ ಅಶ್ವತ್ಥಮ್ಮ ಮೆತ್ತಗಾದರು.

"ಇಂಗ್ ಮಾಡು. ನಮ್ ಸಂಘಕ್ಕೇ ಸೇರ್ಕೊ. ಆದ್ರೆ ಪರೀಕ್ಷೆ ಐತೆ. ಆಮೇಲೆ ಆ ಸಂಘ ಬುಟ್ಟು ಬರ್ಬೇಕು. ಎರಡು ದೋಣೀಲಿ ಕಾಲಿಡಂಗಿಲ್ಲ."

ಪರೀಕ್ಷೆಗೆಂದು ಹೋದ ತಿಂಗಳ ಕರೆಂಟು ಕಡಿತದ ಸೂಚನೆಯನ್ನು ಓದಲು ಕೊಟ್ಟರು. ಓದಿದ್ದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುವುದು ಸಂಘದ ನಿಯಮ. ಒತ್ತಿದರೆ ರೆಕಾರ್ಡು ಪ್ರಸಾರವಾಗುವ ಹಳದಿ ಗುಂಡಿಗೆ ಮಲಕಪ್ಪ ತಾನೇ ಅದನ್ನು ಹೊಂದಿಸಿಕೊಂಡು ಓದಿದ. "ನಾಳೆ ಬಾಗಲಗುಂಟೆ ಸುತ್ತಮುತ್ತ ದಿನವಿಡೀ ಕರೆಂಟು ಇರುವುದಿಲ್ಲ."

"ಏನಪ್ಪಾ, ಸಾವಿನ ಸುದ್ದಿ ಏಳ್ದಂಗೆ ಏಳ್ತೀಯ. ಕೆಟ್ಟ ಸುದ್ದೀನ ನಗ್‌ನಗ್ತಾ ಏಳೋನೇ ಉದ್ಘೋಷಕ. ನಕ್ಕೊಂಡು ಏಳು."

ಬೆಳಗ್ಗೆ ಅರಳಿದ ನೀಲಾಂಬಿಕಾಳ ಮುಖ ಕಣ್ಣ ಮುಂದೆ ಬಂತು. ನಗು ತಾನಾಗಿ ಉಕ್ಕಿತು. ಕರೆಂಟು ಇರುವುದಿಲ್ಲ ಎಂಬುದನ್ನು ಅವನು ಮದುವೆಗೆ ಕರೆಯುವವನ ಹಾಗೆ ಹೇಳಿದ. ಪಾಸಾದ.

ಅಲ್ಲಿಂದ ಟಿ. ದಾಸರಹಳ್ಳಿಗೆ ಓಡಿದ. ಶ್ಯಾಮಣ್ಣ ಮೆಟ್ರೋ ಕೆಳಗಿನ ಟೀ ಅಂಗಡಿಯಲ್ಲಿದ್ದರು. ಸಂಗತಿ ಕೇಳಿ ಲೋಟ ಕೆಳಗಿಟ್ಟರು.

"ಹೋಗೋರ್ನ ತಡೆಯಲ್ಲ ಮಲಕಪ್ಪ. ಆದ್ರೆ ಬೀಳ್ಕೊಡುಗೆ ಇಲ್ದೆ ಕಳ್ಸೋ ಪದ್ಧತಿ ನಮ್ಮಲ್ಲಿಲ್ಲ."

"ಸಾರ್, ನಾಲ್ಕಕ್ಕ ನಾ ಅಲ್ಲಿರಬೇಕ್ರಿ."

"ಹತ್ತು ನಿಮಿಷ ಕೂತ್ಕೊ."

ಶಾಲು ಬಂತು, ಪೇಟ ಬಂತು, ಹೂವು ಮಾರುವ ಪಿಳ್ಳಮ್ಮ ಚೆಂಡುಹೂವಿನ ಹಾರ ತಂದಳು. ಆಟೋದವರು ಸಭಿಕರಾದರು. ಶ್ಯಾಮಣ್ಣ ತಮ್ಮ ಮೊದಲ ಮುಷ್ಕರದಿಂದ ಭಾಷಣ ಶುರು ಮಾಡಿದರು. ಅವರು ಲಾಠಿ ಏಟು, ಜೈಲು, ಬೋನಸ್ಸು ಎಲ್ಲ ದಾಟಿ ಮಲಕಪ್ಪನ ಹತ್ತಿರ ಬರುವ ಹೊತ್ತಿಗೆ ಮೂರೂವರೆ ಆಗಿತ್ತು. ಎದ್ದು ಓಡಬೇಕೆಂದುಕೊಂಡ ಮಲಕಪ್ಪ, ಅವರ ದನಿ ನಡುಗಿದ್ದು ಕೇಳಿ ಕೂತಲ್ಲೇ ಕೂತ.

"ನಾಳೆಯಿಂದ ನಾನು ಯಾರಿಗಪ್ಪಾ ಅಧ್ಯಕ್ಷ?"

ಮುದುಕರ ಕಣ್ಣು ತುಂಬಿತು. ಮಲಕಪ್ಪನದೂ ತುಂಬಿತು. ಶಾಲು ಹೊದಿಸುತ್ತ ಶ್ಯಾಮಣ್ಣ ಕಿವಿಯಲ್ಲಿ ಹೇಳಿದರು: "ಶಾಲು ಹೊದಿಸಿದ್ಮೇಲೆ ವಾಪಸ್ ಸೇರಿಸ್ಕೊಳ್ಳೋ ಪದ್ಧತಿ ಇಲ್ಲ. ಯೋಚ್ನೆ ಮಾಡಿದೀಯ ತಾನೆ?"

ಅವನು ಹೂಂ ಎಂದ. ಅವನ ಯೋಚನೆಯೆಲ್ಲ ಗಡಿಯಾರದಲ್ಲಿತ್ತು.

ಸಭಿಕರಲ್ಲೇ ಒಬ್ಬರ ಆಟೋದಲ್ಲಿ ಇಬ್ಬರೂ ಬಾಗಲಗುಂಟೆಗೆ ಬಂದರು. ಪೇಟ, ಹಾರ ತೆಗೆಯಲೂ ಪುರುಸೊತ್ತಿಲ್ಲ. "ಯಾವ ಎಲೆಕ್ಷನ್ ಗೆದ್ದೆ ಗುರು?" ಎಂದು ದಾರಿಯಲ್ಲಿ ಯಾರೋ ಕೂಗಿದರು.

ಮೈಕಿನ ಮುಂದೆ ಕೂತ ಮಲಕಪ್ಪನ ಕೈ ಅಭ್ಯಾಸಬಲದಿಂದ ಮೈಕು ಚಾಲೂ ಮಾಡುವ ಕೆಂಪು ಗುಂಡಿಯತ್ತ ಹೋಯಿತು. ಅಶ್ವತ್ಥಮ್ಮ ಪಟ್ಟನೆ ಹೊಡೆದರು.

"ಈಗ ನೀನು ನಮ್ಮೋನು. ಗುಂಡಿ ಮುಟ್ಟಂಗಿಲ್ಲ."

ಹಾಗಾದರೆ ಒತ್ತುವವರು ಯಾರು? ತಂತ್ರಜ್ಞರ ಸಂಘದಲ್ಲಿ ಉಳಿದಿದ್ದವರು ಒಬ್ಬರೇ. ಶ್ಯಾಮಣ್ಣ ಅಂಗಿ ತೋಳು ಮಡಚಿ, ಗಂಭೀರವಾಗಿ ಬಂದು ಕುರ್ಚಿಯಲ್ಲಿ ಕೂತರು.

"ಸಾರ್, ಕೆಂಪು..." ಎಂದ ಮಲಕಪ್ಪ.

"ನಮ್ಮ ಕೆಲಸದಲ್ಲಿ ನಿಮ್ಮ ಸಂಘದೋರು ತಲೆ ಹಾಕ್ಬೇಡಿ" ಎಂದರು ಶ್ಯಾಮಣ್ಣ. ನಾಲ್ಕು ಗಂಟೆಗೆ ಸರಿಯಾಗಿ ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು ಒತ್ತಿದರು. ದೀಪ ಹತ್ತಿತು. ಮಾತಾಡು ಎಂದು ಕೈಬೀಸಿದರು.

ಮಲಕಪ್ಪನೂ ಕಣ್ಣು ಮುಚ್ಚಿದ.

"ನೀಲಾ, ನಾ ಮಲಕಪ್ಪ. ನಾ ಹಗಲು ಮಲಗ್ತೀನಿ, ನೀ ರಾತ್ರಿ ಮಲಗ್ತಿ. ಇರೋದು ಒಂದ ಹಾಸಿಗಿ, ಅದರಾಗ ಇಬ್ಬರೂ ಕೂಡಿ ಇದ್ದದ್ದು ಕಡಿಮಿ. ಆದ್ರ ಮುಂಜಾನೆ ನಾ ತಲಿ ಇಟ್ಟಾಗ ದಿಂಬಿನ್ಯಾಗ ನಿನ್ನ ತಲಿ ಎಣ್ಣಿ ವಾಸನಿ ಇರ್ತದ. ಅದು ಇರೋದಕ್ಕ ನನಗ ಈ ಊರಾಗ ನಿದ್ದಿ ಬರ್ತದ. ಇದನ್ನ ಎದುರಿಗೆ ಹೇಳಾಕ ನಾಚಿಕಿ ಆತು. ಅದಕ್ಕ ಇಲ್ಲಿ ಹೇಳೀನಿ."

ಅಶ್ವತ್ಥಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಶ್ಯಾಮಣ್ಣ ಚಪ್ಪಾಳೆ ತಟ್ಟಿದರು. ಆಗ ಕೆಳಗಿನಿಂದ ಸೊಣ್ಣಮ್ಮನ ದನಿ ಬಂತು.

"ನಾಳೆ ಪೂರ್ತಿ ಕರೆಂಟಿಲ್ವಂತೆ ಕಣ್ರೇ, ಬಿಂದಿಗೆ ತನ್ರೇ. ಅದ್ನೂ ನಕ್ಕೊಂಡ್ ಏಳ್ತಾವ್ನೆ, ಅವನ ನಗು ಬೇಯ."

ಬೀದಿಯ ನೀರಿನ ಮೋಟಾರುಗಳೆಲ್ಲ ಒಟ್ಟಿಗೆ ಗುರ್ರೆಂದವು. ಮಲಕಪ್ಪ ಮೆಲ್ಲಗೆ ತಿರುಗಿ ನೋಡಿದ. ಶ್ಯಾಮಣ್ಣನ ಬೆರಳ ಬಳಿ ಹತ್ತಿದ್ದದ್ದು ಹಳದಿ ದೀಪ.

ಅಶ್ವತ್ಥಮ್ಮ ತಾವೇ ಕೂತು, ಕರೆಂಟು ಇರುತ್ತದೆ ಎಂದು ಎರಡು ಸಲ ತಿದ್ದಿ ಹೇಳಿದರು. ಕರೆಂಟು ಇರುವುದಿಲ್ಲ ಎಂದರೆ ಜನ ನಂಬುತ್ತಾರೆ. ಇರುತ್ತದೆ ಎಂದರೆ ಯಾರು ನಂಬುತ್ತಾರೆ? ಎರಡೂ ಸಂಘಗಳ ತುರ್ತು ಸಭೆ ಅಲ್ಲೇ ನಡೆಯಿತು. ಮೊದಲ ಪ್ರಸಾರದಲ್ಲೇ ಸುಳ್ಳು ಸುದ್ದಿ ಕೊಟ್ಟದ್ದಕ್ಕೆ ಉದ್ಘೋಷಕರು ಅವನನ್ನು ತೆಗೆದುಹಾಕಿದರು. ತಂತ್ರಜ್ಞರು ಶಾಲಿನ ಕಡೆ ಬೆರಳು ತೋರಿಸಿದರು. ಬೆಳಗ್ಗೆ ಮಾತು ಮಾತ್ರ ಇಲ್ಲದಿದ್ದವನಿಗೆ ಈಗ ಗುಂಡಿಯೂ ಇಲ್ಲವಾಯಿತು.

ಸಂಜೆ ನೀಲಾಂಬಿಕಾ ಬಂದು ಚೀಲ ಇಟ್ಟಳು. ಅವನು ಪೇಟವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ದನಿ ನಿಮ್ಮದ ಅಂತ ಚನ್ನಬಸಮ್ಮ ಒಪ್ಪಿದಳು. ಇಡೀ ಲೈನು ಬಿದ್ದು ಬಿದ್ದು ನಕ್ಕಿತು. ನನ್ನ ಹೆಸರು ಯಾಕ ಹೇಳಲಿಲ್ರಿ?"

"ಹೇಳೀನಿ. ನಿನ್ನ ತನಕ ಬರಲಿಲ್ಲ." ಮೈಕಿನ ಮುಂದೆ ಆಡಿದ ಮಾತೊಂದನ್ನು ಬಿಟ್ಟು ನಡೆದದ್ದನ್ನೆಲ್ಲ ಹೇಳಿದ. ಅವಳು ಸಿಟ್ಟಾಗಲು ನೋಡಿದಳು, ಆಗಲಿಲ್ಲ.

"ಮತ್ತ ಅಲ್ಲಿ ಏನು ಹೇಳಿದ್ರಿ?"

"ಈಗ ಎದುರಿಗೆ ಹ್ಯಾಂಗ ಹೇಳಲಿ?"

ನೀಲಾಂಬಿಕಾ ಹತ್ತಿರ ಬಂದು, ಅವನ ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿದಳು. "ಮಾತಾಡೋರು ಗುಂಡಿ ಮುಟ್ಟಬಾರದಲ್ಲ, ನಾನಾ ಒತ್ತೀನಿ. ಹೇಳ್ರಿ."

ಮಲಕಪ್ಪ ಹೇಳಿದ. ಹಾಸಿಗೆ, ದಿಂಬು, ಎಣ್ಣೆಯ ವಾಸನೆ, ಎಲ್ಲವನ್ನೂ ಹೇಳಿದ. ಮೈಕಿನ ಗುಂಗಿನಲ್ಲಿ ದನಿ ಏರಿದ್ದು ಅವನಿಗೆ ತಿಳಿಯಲಿಲ್ಲ. ನೀಲಾಂಬಿಕಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಷ್ಟು ಹೊತ್ತು ಬಿಂದಿಗೆಗಳ ಸದ್ದಿನಲ್ಲಿ ಮುಳುಗಿದ್ದ ವಠಾರ ಯಾವಾಗಲೋ ಗಪ್‌ಚಿಪ್ಪಾಗಿತ್ತು.

ಗೋಡೆಯ ಆಚೆಯಿಂದ ಸೊಣ್ಣಮ್ಮ ಕೆಮ್ಮಿದಳು.

"ಮಲಕಪ್ಪಾ, ಎಣ್ಣೆ ಇಚಾರ ಎಲ್ಲಾರ್ಗೂ ಕೇಳಿಸ್ತು, ಚೆನ್ನಾಗೈತೆ. ನಾಳೆ ಕರೆಂಟು ಎಷ್ಟೊತ್ತಿಗೆ ಬತ್ತದೆ, ಅದನ್ನ ಏಳಪ್ಪಾ."

ಮಲಕಪ್ಪ ಹೆಂಡತಿಯ ಕಡೆ ನೋಡಿದ. ಸೆರಗಿನ ಒಳಗಿನಿಂದಲೇ ಅವಳು ಪಿಸುಗುಟ್ಟಿದಳು:

"ನಕ್ಕೋತ ಹೇಳ್ರಿ."