ಗೆಳೆಯನ ಗಾಂಜಾಕ್ಕೆ ನಾನು ಹೇಳಿದ ಸಾಕ್ಷಿ

ಗೆಳೆಯ ಸತೀಶನಿಗೆ ಅಡಿಲೇಡ್‌ನಲ್ಲಿ ಯುದ್ಧನೌಕೆ ಕಟ್ಟುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಆದರೆ ಸರ್ಕಾರ ಹಿನ್ನೆಲೆಯನ್ನೆಲ್ಲ ವಿಚಾರಿಸಿ ಕೊಡುವ ಸೆಕ್ಯುರಿಟಿ ಕ್ಲಿಯರೆನ್ಸ್ ಬಂದರೆ ಮಾತ್ರ ಒಳಗೆ ಪ್ರವೇಶ. ಅವನ ನಡತೆಯ ಬಗ್ಗೆ ಹೇಳಲು ಹಳೆಯ ಪರಿಚಯದವರು ಬೇಕಿತ್ತು. ನನ್ನ ಹೆಸರು ಕೊಟ್ಟ. ಈಗ ಇಬ್ಬರೂ ಅಡಿಲೇಡ್‌ನಲ್ಲೇ ಇದ್ದರೂ, ಓದುವಾಗ ಪರ್ತ್‌ನ ಬೆಂಟ್ಲಿಯಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದವರು ನಾವು. ಗೆಳೆಯನನ್ನು ಹೊಗಳುವುದು ಒಂದು ಕೆಲಸವೇ?

ಕ್ಲಿಯರೆನ್ಸ್ ವಿಚಾರಣೆಯ ಅಧಿಕಾರಿಣಿಯ ಫೋನ್ ಬಂದಾಗ, ನನ್ನ ವಾಕ್ಚಾತುರ್ಯ ಹೆಂಡತಿ ವಾಣಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಶಿಸ್ತು, ನಿಷ್ಠೆ, ಎಲ್ಲ ಪ್ರಶ್ನೆಗಳೂ ಸುಸೂತ್ರವಾಗಿ ಮುಗಿದವು. ಆಮೇಲೆ ಆಕೆ ಕೇಳಿದರು:

"ಅವರು ಎಂದಾದರೂ ಮಾದಕ ವಸ್ತು ಬಳಸಿದ್ದುಂಟೇ?"

ಪರೀಕ್ಷೆ ಮುಗಿದ ಸಂಜೆಗಳಲ್ಲಿ ಸತೀಶ ಹಿತ್ತಲಲ್ಲಿ ಕೂತು ಗಾಂಜಾ ಸೇದುತ್ತಿದ್ದುದು ಕಣ್ಣಮುಂದೆ ಬಂತು. ಗೆಳೆಯನ ಅನ್ನಕ್ಕೆ ಕಲ್ಲು ಹಾಕಲೇ? ಛೆ!

"ಸತೀಶನೇ? ಮೇಡಂ, ಅವನು ತಲೆನೋವಿಗೆ ಮಾತ್ರೆ ಕೂಡ ನುಂಗುವುದಿಲ್ಲ!"

ಆಕೆ ಮತ್ತೆ ಕೇಳಿದರು: "ಖಚಿತವೇ?"

"ಕಾಫಿಯನ್ನೂ ಮುಟ್ಟುವುದಿಲ್ಲ!"

ಫೋನ್ ಇಟ್ಟ ಮೇಲೆ ವಾಣಿ ಹಣೆ ಚಚ್ಚಿಕೊಂಡಳು. "ಅಲ್ಲಾ ರೀ, ಹೋದ್ವಾರ ಇಲ್ಲೇ ಕೂತು ಲೋಟದ್ ಮೇಲೆ ಲೋಟ ಕಾಫಿ ಕುಡ್ದೋದ್ರಲ್ಲಾ!"

ನಾನು ಹೆಮ್ಮೆಯಿಂದ ಸತೀಶನಿಗೆ ಫೋನ್ ಮಾಡಿದೆ. "ಗಾಂಜಾ ವಿಷ್ಯ ಕೇಳಿದ್ರು ಕಣೋ. ಮಾತ್ರೆ ಕೂಡ ನುಂಗಲ್ಲ ಅಂದ್ಬಿಟ್ಟೆ. ಪಾರ್ಟಿ ಕೊಡ್ಸು!"

ಅಲ್ಲಿ ಏನೋ ಬಿದ್ದ ಸದ್ದಾಯಿತು.

"ಲೋ ಪುಣ್ಯಾತ್ಮ! ನಾನೇ ಎಲ್ಲಾ ಹೇಳ್ಬಿಟ್ಟಿದೀನಲ್ಲೋ! ಬಿಟ್ಟು ಎಷ್ಟೋ ವರ್ಷ ಆಗಿದೆ ಅನ್ನೋದನ್ನೂ ಅವ್ರು ಲೆಕ್ಕಕ್ಕೆ ತಗೋತಾರೆ. ಮುಚ್ಚಿಟ್ರೇನೇ ಕಷ್ಟ. ಮನೆ ಓನರ್‌ಗೆ ವಾಸನೆ ಬರ್ಬಾರ್ದು ಅಂತ ನೀನು ಊದುಬತ್ತಿ ಹಚ್ತಿದ್ದೆ ಅಂತಾನೂ ಹೇಳಿದೀನಿ!"

ತಕ್ಷಣ ಅಧಿಕಾರಿಣಿಗೆ ಫೋನ್ ಮಾಡಿದೆ. ಈ ಸಲ ಸತ್ಯ, ಸಂಪೂರ್ಣ ಸತ್ಯ! ಗಾಂಜಾ ಹೇಳಿದೆ. ಊದುಬತ್ತಿ ಹೇಳಿದೆ. ಅಷ್ಟಕ್ಕೆ ನಿಲ್ಲಬಾರದೇ? ಪಕ್ಕದ ಕ್ಯಾನಿಂಗ್ಟನ್‌ನ ಶಾಪಿಂಗ್ ಸೆಂಟರಿನಿಂದ ಟ್ರಾಲಿಯಲ್ಲಿ ಅಕ್ಕಿ ಮೂಟೆ ತಳ್ಳಿಕೊಂಡು ಬಂದದ್ದು, ಆ ಟ್ರಾಲಿ ಹಿತ್ತಲಲ್ಲೇ ಉಳಿದು ಬಟ್ಟೆ ಒಣಗಿಸುವ ಉಪಕರಣವಾದದ್ದು, ಅದನ್ನೂ ಹೇಳಿದೆ.

"ಟ್ರಾಲಿ ತಂದವರು ಸತೀಶ್ ಅವರೇ?"

"ಅಲ್ಲ ಮೇಡಂ... ನಾನು."

"ನಾನು ವಿಚಾರಿಸುತ್ತಿರುವುದು ನಿಮ್ಮನ್ನಲ್ಲ," ಎಂದರು ಆಕೆ, ಬಹಳ ಸಮಾಧಾನದಿಂದ.

ನನ್ನ ದೆಸೆಯಿಂದ ಸತೀಶನನ್ನು ಮತ್ತೊಮ್ಮೆ ಕರೆಸಿದರು. ಅದೆಲ್ಲ ಮುಗಿಯುವವರೆಗೆ ಅವನ ಹೆಂಡತಿ ನಮ್ಮ ಫೋನ್ ಎತ್ತಲಿಲ್ಲ. ಅಂತೂ ಕ್ಲಿಯರೆನ್ಸ್ ಬಂತು. ಖುಷಿಗೆ ಮನೆಯಲ್ಲಿ ಬಾರ್ಬೆಕ್ಯೂ ಇಟ್ಟು ನಮ್ಮನ್ನೂ ಕರೆದ. ಧೈರ್ಯ ಮಾಡಿ ಹೇಳಿದೆ: "ಮುಂದೆ ಯಾವಾಗಾದ್ರೂ ಬೇಕಾದ್ರೆ ನಾನಿದೀನಿ ಕಣೋ."

"ಬೇಡಪ್ಪಾ! ನಮ್ಮ ಮಾವನ ಹೆಸರು ಕೊಡ್ತೀನಿ. ಅವ್ರಿಗೆ ನನ್ನ ಕಂಡ್ರೆ ಆಗಲ್ಲ. ಆದ್ರೆ ಸುಳ್ಳು ಹೇಳಲ್ಲ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ವಾಣಿ. ನಾನು ಗಂಭೀರವಾಗಿ ಪನೀರ್ ತಿರುವಿ ಹಾಕಲು ಹೋದೆ. ಅದೂ ಸೀದುಹೋಗಿತ್ತು!